ನಿಧಾನದ ಸವಾರಿಗೆ ಹಿರಿಯ ಕುದುರೆ: ಆರಿಸುವುದು ಹೇಗೆ?

ವಾರದಲ್ಲಿ ಮೂರ್ನಾಲ್ಕು ದಿನ, ಒಂದೊಂದು ಗಂಟೆ, ಮಣ್ಣಿನ ದಾರಿಯಲ್ಲಿ ಆರಾಮಾಗಿ ಸವಾರಿ ಮಾಡಬೇಕು. ಪಂದ್ಯ ಬೇಡ, ಜಿಗಿತ ಬೇಡ, ನಾಗಾಲೋಟವೂ ಬೇಡ. ನಿಮ್ಮ ಆಸೆ ಇಷ್ಟೇ ಆಗಿದ್ದರೆ 5 ವರ್ಷದ ಮಿರುಗುವ ಕುದುರೆಯ ಕಡೆ ನೋಡಲೇಬೇಡಿ. 15ರಿಂದ 20ರೊಳಗಿನ, ಲೋಕ ಕಂಡ ಕುದುರೆಯನ್ನು ಹುಡುಕಿ. ಕುದುರೆಯ ಆಯಸ್ಸು ಸಾಮಾನ್ಯವಾಗಿ 25ರಿಂದ 30 ವರ್ಷ. ಚೆನ್ನಾಗಿ ನೋಡಿಕೊಂಡರೆ 20 ದಾಟಿದ ಮೇಲೂ ಎಷ್ಟೋ ಕುದುರೆಗಳು ಹಗುರ ಸವಾರಿಗೆ ಒದಗುತ್ತವೆ. ಲಾರಿಯ ಹಾರ್ನ್ ಕೇಳಿದರೂ, ಪೊದೆಯಿಂದ ಹಕ್ಕಿ ಬುರ್ರನೆ ಎದ್ದರೂ ಕಿವಿ ಅಲ್ಲಾಡಿಸಿ ಮುಂದೆ ನಡೆಯುವ ಗುಣ ನಾಲ್ಕಾರು ತಿಂಗಳ ತರಬೇತಿಯಲ್ಲಿ ಬರುವಂಥದ್ದಲ್ಲ. ವರ್ಷಗಟ್ಟಲೆ ಸವಾರರನ್ನು ಹೊತ್ತು ಕಲಿತದ್ದು ಅದು.

ವಯಸ್ಸಿನ ಜೊತೆ ಕಾಯಿಲೆಯೂ ಬರುತ್ತದೆ. ಪೂರ್ತಿ ನಿರೋಗಿಯಾದ ಹಿರಿಯ ಕುದುರೆ ಸಿಗುವುದು ಅಪರೂಪ. ಹಾಗಾಗಿ ‘ಏನೂ ತೊಂದರೆ ಇಲ್ಲ ತಾನೆ?’ ಎಂದು ಮಾರುವವರನ್ನು ಕೇಳಿ ಪ್ರಯೋಜನವಿಲ್ಲ. ಇರುವ ತೊಂದರೆ ಯಾವುದು, ಅದನ್ನು ದಿನವೂ ನಿಭಾಯಿಸುವುದು ನನ್ನ ಕೈಲಾಗುತ್ತದೆಯೇ ಎಂದು ತಿಳಿದುಕೊಳ್ಳಲು ಹೊರಡಿ.

ಮೊದಲು ನಿಮ್ಮ ತೂಕ

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಎಂಬುದು ರೂಢಿಯ ಲೆಕ್ಕ. 400 ಕಿಲೋ ತೂಗುವ ಕುದುರೆಗೆ ಇದು 80 ಕಿಲೋ. ವಯಸ್ಸಾಗಿ ಬೆನ್ನು ಜಗ್ಗಿದ್ದರೆ, ಕೀಲುಗಳು ಬಿಗಿದಿದ್ದರೆ ಶೇ 15ರ ಹತ್ತಿರವೇ ಇರಿ, ಅಂದರೆ 60 ಕಿಲೋ. ಲೆಕ್ಕ ಕೂಡದಿದ್ದರೆ ದೊಡ್ಡ ಮೈಕಟ್ಟಿನ ಕುದುರೆ ಹುಡುಕಬೇಕಾಗುತ್ತದೆ.

ನೋಡಲು ಹೋದಾಗ

ನಾವು ಬರುವ ತನಕ ಕುದುರೆಯನ್ನು ಹೊರಗೆ ತೆಗೆಯಬೇಡಿ, ಜೀನು ಹಾಕಬೇಡಿ ಎಂದು ಮೊದಲೇ ಹೇಳಿರಿ. ಅರ್ಧ ಗಂಟೆ ನಡೆದಾಡಿದ ಕುದುರೆಯಲ್ಲಿ ಕೀಲಿನ ಬಿಗಿತ ಕಾಣುವುದಿಲ್ಲ. ಲಾಯದಿಂದ ಹೊರಬರುವ ಮೊದಲ ಹತ್ತು ಹೆಜ್ಜೆಯನ್ನು ಕಣ್ಣಿಟ್ಟು ನೋಡಬೇಕು. ಹಿಡಿಯಲು ಹೋದವರಿಗೆ ಸಿಗುತ್ತದೆಯೇ, ನಾಲ್ಕೂ ಕಾಲನ್ನು ಎತ್ತಿಕೊಡುತ್ತದೆಯೇ, ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತದೆಯೇ ಗಮನಿಸಿ. ಒಂದು ಕಾಲೆತ್ತಿದಾಗ ಉಳಿದ ಮೂರರ ಮೇಲೆ ನಿಲ್ಲಲು ಒದ್ದಾಡಿದರೆ ಅದನ್ನು ಹಟ ಎಂದುಕೊಳ್ಳಬೇಡಿ, ನೋವಿರಬಹುದು.

ಮೊದಲು ಮಾರುವವರೇ ಹತ್ತಿ ತೋರಿಸಲಿ. ಆಮೇಲೆ ನೀವು ಹತ್ತಿ. ಅಂಗಳದಲ್ಲಿ ಸುತ್ತು ಹಾಕಿದರೆ ಸಾಲದು. ಬೇರೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ದಾರಿಯಲ್ಲಿ ಹೋಗುತ್ತದೆಯೇ, ತಿರುಗಿ ಬರುವಾಗ ಮನೆಯತ್ತ ಧಾವಿಸುತ್ತದೆಯೇ ನೋಡಿ. ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ. ಎರಡನೇ ಭೇಟಿಗೆ ಒಪ್ಪದವರ ಕುದುರೆಯನ್ನು ನಾನಂತೂ ಕೊಳ್ಳುವುದಿಲ್ಲ.

ಬಾಯಿ, ಮೇವು

ಕುದುರೆಯ ವಯಸ್ಸನ್ನು ಹಲ್ಲು ನೋಡಿ ಹೇಳುವುದುಂಟು. ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲಿನಲ್ಲಿ ಸುಮಾರು 10ನೇ ವಯಸ್ಸಿಗೆ ವಸಡಿನ ಬಳಿ ಒಂದು ಗೀರು ಕಾಣಿಸಿಕೊಳ್ಳುತ್ತದೆ. 15ಕ್ಕೆ ಅರ್ಧ ಹಲ್ಲಿಗೆ, 20ಕ್ಕೆ ತುದಿಗೆ ಇಳಿಯುತ್ತದೆ, ಮುಂದೆ ಮೇಲಿನಿಂದ ಅಳಿಯುತ್ತ ಹೋಗುತ್ತದೆ. ಇದು ಅಂದಾಜಿಗಷ್ಟೇ. ವಯಸ್ಸಿನ ಅಂಕಿಗಿಂತ ಮೇಯುವ ರೀತಿ ಮುಖ್ಯ. ಒಂದು ಹಿಡಿ ಒಣಹುಲ್ಲು ಹಾಕಿ ಪಕ್ಕದಲ್ಲೇ ನಿಂತು ನೋಡಿ. ಅರ್ಧ ಅಗಿದ ಹುಲ್ಲನ್ನು ಉಂಡೆಯಾಗಿ ಉಗುಳುತ್ತಿದ್ದರೆ ದವಡೆ ಹಲ್ಲು ಸವೆದಿದೆ ಅಥವಾ ಮುರಿದಿದೆ. ನೆನೆಸಿದ ಮೆತ್ತನೆ ಮೇವು ಕೊಟ್ಟು ಇಂಥ ಕುದುರೆಯನ್ನೂ ಸಾಕಬಹುದು, ಆದರೆ ಆ ಕೆಲಸ ದಿನವೂ ತಪ್ಪದು.

ಕಾಲು, ಗೊರಸು, ಕೂದಲು

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಗಟ್ಟಿ ನೆಲದ ಮೇಲೆ ನೇರವಾಗಿ ಕುಕ್ಕುಲೋಟದಲ್ಲಿ ಓಡಿಸಲು ಹೇಳಿ. ಮುಂಗಾಲಲ್ಲಿ ನೋವಿದ್ದರೆ, ಆ ಕಾಲು ನೆಲ ಮುಟ್ಟಿದಾಗ ಕುದುರೆ ತಲೆ ಮೇಲೆತ್ತುತ್ತದೆ. ನಡೆದಂತೆ ಸಡಿಲವಾಗುವ ಬಿಗಿತ ಬಹುಪಾಲು ಸಂಧಿವಾತದ್ದು. ಅದು ಸೌಮ್ಯವಾಗಿದ್ದರೆ ಹೆದರಬೇಕಿಲ್ಲ; ದಿನವೂ ಸ್ವಲ್ಪ ಓಡಾಟವೇ ಅದಕ್ಕೆ ಒಳ್ಳೆಯದು. ನಡೆದಷ್ಟೂ ಕುಂಟು ಹೆಚ್ಚಾದರೆ ಆ ಕುದುರೆ ಬೇಡ.

ಗೊರಸಿನ ಒಳಪದರ ಊದಿಕೊಳ್ಳುವ ಲ್ಯಾಮಿನೈಟಿಸ್ ಅದಕ್ಕಿಂತ ಕಠಿಣ ಕಾಯಿಲೆ. ಬಿಸಿಯಾದ ಗೊರಸು, ಅದರ ಮೇಲ್ಗಡೆ ಬಡಿದುಕೊಳ್ಳುವ ನಾಡಿ, ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಲ್ಲುವ ಭಂಗಿ, ತಿರುಗಲು ಹಿಂಜರಿಕೆ ಇದರ ಲಕ್ಷಣಗಳು. ಹಿಂದೆ ಬಂದು ಹೋಗಿದ್ದರೆ ಗೊರಸಿನ ಉಂಗುರಗಳು ಹಿಮ್ಮಡಿಯ ಕಡೆ ಅಗಲವಾಗಿರುತ್ತವೆ. ಒಮ್ಮೆ ಬಂದ ಕುದುರೆಗೆ ಮತ್ತೆ ಬರುವ ಭಯ ಇದ್ದೇ ಇರುತ್ತದೆ.

ಬೇಸಿಗೆಯಲ್ಲೂ ಉದುರದ ಉದ್ದನೆಯ ಗುಂಗುರು ಕೂದಲು ಕಂಡರೆ ಅದನ್ನು ಚೆಂದ ಎಂದು ಮೆಚ್ಚಿ ಸುಮ್ಮನಾಗಬೇಡಿ. 15 ದಾಟಿದ ಕುದುರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕುಶಿಂಗ್ ಕಾಯಿಲೆಯ ಗುರುತು ಇದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದ ಬರುವ ಈ ಕಾಯಿಲೆ ಲ್ಯಾಮಿನೈಟಿಸ್‌ಗೂ ದಾರಿ ಮಾಡಿಕೊಡುತ್ತದೆ. ರಕ್ತಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ. ಪರ್ಗೊಲೈಡ್ ಎಂಬ ಮಾತ್ರೆ ಹತೋಟಿಯಲ್ಲಿಡುತ್ತದೆ, ಆದರೆ ಬದುಕಿರುವಷ್ಟು ದಿನವೂ ಕೊಡಬೇಕು. ಖರೀದಿಯ ಬೆಲೆಗಿಂತ ಇಂಥ ಖರ್ಚನ್ನೇ ಮೊದಲು ಕೂಡಿ ನೋಡಿ.

ನಿಮ್ಮದೇ ಪಶುವೈದ್ಯರು

ಮಾರುವವರ ವೈದ್ಯರು ಎಷ್ಟೇ ಒಳ್ಳೆಯವರಾಗಿರಲಿ, ಪರೀಕ್ಷೆಗೆ ನೀವೇ ಬೇರೆಯವರನ್ನು ಕರೆತನ್ನಿ. ಕುದುರೆಯಿಂದ ನಿಮಗೆ ಬೇಕಾದ ಕೆಲಸವನ್ನು ಅವರಿಗೆ ಬಿಡಿಸಿ ಹೇಳಿ; ಪಂದ್ಯಕ್ಕೆ ನಪಾಸಾಗುವ ಕುದುರೆ ನಿಮ್ಮ ಸವಾರಿಗೆ ಸಾಕಾಗಬಹುದು. ಕಾಲನ್ನು ಸುಮಾರು ಒಂದು ನಿಮಿಷ ಮಡಚಿ ಹಿಡಿದು ಬಿಟ್ಟು, ಕೂಡಲೇ ಓಡಿಸಿ ಕೀಲು ಪರೀಕ್ಷಿಸುತ್ತಾರೆ. ಎದೆ, ಕಣ್ಣು, ಉಸಿರಾಟವನ್ನೂ ನೋಡುತ್ತಾರೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. ರಕ್ತದ ಮಾದರಿ ತೆಗೆಸಿಡುವುದನ್ನು ಮರೆಯಬೇಡಿ. ಕುಂಟು ಮುಚ್ಚಲು ಫಿನೈಲ್‌ಬ್ಯುಟಾಜೋನ್‌ನಂಥ ನೋವಿನ ಔಷಧಿ, ಪುಕ್ಕಲು ಕುದುರೆಯನ್ನು ಸಾಧುವಾಗಿ ತೋರಿಸಲು ಮಂಪರಿನ ಔಷಧಿ ಕೊಟ್ಟಿದ್ದರೆ ರಕ್ತದಲ್ಲಿ ಸಿಕ್ಕಿಬೀಳುತ್ತದೆ.

ಹಣ ಕೊಡುವ ಮುನ್ನ

ಕೆಲವು ದಿನ ಇಟ್ಟುಕೊಂಡು ನೋಡಲು ಅವಕಾಶ ಕೇಳಿ. ಲಸಿಕೆ, ಜಂತುಹುಳುವಿನ ಔಷಧಿ, ಹಲ್ಲಿನ ಚಿಕಿತ್ಸೆಯ ದಾಖಲೆ ಪಡೆಯಿರಿ. ಗೊತ್ತಿರುವ ಕಾಯಿಲೆಗಳನ್ನು ಮಾರಾಟದ ಕಾಗದದಲ್ಲೇ ಬರೆಸಿ. ಇನ್ನೊಂದು ಪ್ರಶ್ನೆಗೂ ಈಗಲೇ ಉತ್ತರ ಸಿದ್ಧವಿರಲಿ: ನಾಲ್ಕೋ ಐದೋ ವರ್ಷದಲ್ಲಿ ಸವಾರಿ ನಿಂತ ಮೇಲೆ ಇದು ಎಲ್ಲಿರುತ್ತದೆ? ಮುದಿಯಾದ ಕುದುರೆಗೆ ಬೇರೆ ಗಿರಾಕಿ ಸಿಗುವುದಿಲ್ಲ. ಕೊನೆಯ ತನಕ ಮೇವು ಹಾಕುವ ಮನಸ್ಸು, ಜಾಗ ಎರಡೂ ಇಲ್ಲದಿದ್ದರೆ ಬಾಡಿಗೆ ಕುದುರೆಯ ಸವಾರಿಯೇ ಸರಿ. ಈ ಮಾತನ್ನು ಯಾರ ಮನಸ್ಸಿಗೂ ನೋವಾಗಲೆಂದು ಹೇಳುತ್ತಿಲ್ಲ, ಕುದುರೆಯ ಪರವಾಗಿ ಹೇಳುತ್ತಿದ್ದೇನೆ.

ಮನೆಗೆ ತಂದ ಮೇಲೆ

ಹಳೆಯ ಮೇವನ್ನೇ ಒಂದಿಷ್ಟು ಜೊತೆಗೆ ತನ್ನಿ. ಹೊಸದಕ್ಕೆ 7ರಿಂದ 10 ದಿನಗಳಲ್ಲಿ ಮೆಲ್ಲಗೆ ಬದಲಾಯಿಸಿ. ಒಣಹುಲ್ಲು ದಿನಕ್ಕೆ ಮೈತೂಕದ ಶೇ 1.5ರಿಂದ 2ರಷ್ಟು ಬೇಕು. ಗೊರಸು ಕತ್ತರಿಸಿ ಸರಿಮಾಡಿಸುವ ಕೆಲಸ 6ರಿಂದ 8 ವಾರಕ್ಕೊಮ್ಮೆ. ವಯಸ್ಸಾದಂತೆ ಬೆನ್ನಿನ ಮಾಂಸಖಂಡ ಇಳಿಯುವುದರಿಂದ ಹಿಂದೆ ಸರಿಹೊಂದುತ್ತಿದ್ದ ಜೀನು ಈಗ ಒತ್ತಬಹುದು, ಹೊಸದಾಗಿ ಅಳೆಸಿ. ಪ್ರತಿ ಸವಾರಿಯ ಮೊದಲ 10–15 ನಿಮಿಷ ಬರೀ ನಡಿಗೆ. ಒಂಟಿಯಾಗಿ ಕಟ್ಟಿ ಹಾಕಬೇಡಿ, ಜೊತೆಗೆ ಇನ್ನೊಂದು ಕುದುರೆಯೋ ಕತ್ತೆಯೋ ಇರಲಿ. ಜಾಗ ಬದಲಾದ ಹೊಸತರಲ್ಲಿ ಹೊಟ್ಟೆಶೂಲೆಯ ಅಪಾಯ ಹೆಚ್ಚು. ಮೇವು ಬಿಟ್ಟು ನೆಲ ಕೆರೆಯುತ್ತ, ತಿರುತಿರುಗಿ ಹೊಟ್ಟೆಯತ್ತ ನೋಡುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ವೈದ್ಯರನ್ನು ಕರೆಸಿ.