ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ ಪರದೆಯನ್ನು ಸರಿಪಡಿಸುವುದು ಹೇಗೆ?

ಪರದೆಯ ಮೇಲೆ ಅಕ್ಷರಗಳು ಮಸುಕಾಗಿ, ಬಣ್ಣಗಳು ಪೇಲವವಾಗಿ ಕಂಡರೆ ಬಹಳ ಮಂದಿ ಕಂಪ್ಯೂಟರಿನಿಂದ ಪರದೆಗೆ ಚಿತ್ರ ಕಳಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿನ ಮೇಲೆ ದೂರು ಹೊರಿಸುತ್ತಾರೆ. ನನ್ನ ಬಂಧುಗಳೊಬ್ಬರು ಹೀಗೆಯೇ ಸಾವಿರಾರು ರೂಪಾಯಿ ತೆತ್ತು ಹೊಸ ಕಾರ್ಡ್ ಹಾಕಿಸಿದರು. ಪತ್ರ ಬರೆಯುವುದು, ಲೆಕ್ಕ ಇಡುವುದು, ಫೋಟೊ ನೋಡುವುದಷ್ಟೇ ಅವರ ಬಳಕೆ. ಚಿತ್ರ ಮಾತ್ರ ಮೊದಲಿದ್ದಂತೆಯೇ ಉಳಿಯಿತು. ತೊಂದರೆಯಿದ್ದದ್ದು ಒಂದು ಸೆಟ್ಟಿಂಗಿನಲ್ಲಿ.

ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಪ್ರತಿ ಚುಕ್ಕೆಯ ಬಣ್ಣವೂ ಅಂಕಿಯ ರೂಪದಲ್ಲೇ ಸಾಗುವುದರಿಂದ, ಸೆಟ್ಟಿಂಗ್ ಒಂದೇ ಆಗಿದ್ದರೆ ಹತ್ತು ವರ್ಷ ಹಳೆಯ ಕಾರ್ಡ್ ತೋರಿಸುವ ಪುಟಕ್ಕೂ ಹೊಸ ಕಾರ್ಡ್ ತೋರಿಸುವ ಪುಟಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. 1987ರಲ್ಲಿ ಬಂದ ವಿಜಿಎ ಸಂಪರ್ಕದ ಕಾಲದಲ್ಲಿ ಸ್ಥಿತಿ ಬೇರೆಯಿತ್ತು. ಅಂಕಿಗಳನ್ನು ವಿದ್ಯುತ್ ಅಲೆಗಳಾಗಿ ಪರಿವರ್ತಿಸುವ ಕೆಲಸ ಕಾರ್ಡಿನದೇ ಆಗಿದ್ದರಿಂದ ಸ್ಪಷ್ಟತೆ ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತಿತ್ತು. 1999ರ ಮ್ಯಾಟ್ರಾಕ್ಸ್ ಜಿ400 ಎಂಬ ಕಾರ್ಡ್ ಹೆಸರು ಮಾಡಿದ್ದು ಈ ಸ್ಪಷ್ಟತೆಗಾಗಿಯೂ ಹೌದು. ಇಂದಿನ ತಪ್ಪು ನಂಬಿಕೆ ಆ ಕಾಲದ ಉಳಿಕೆ.

ಮೊದಲು ಕೇಬಲ್ ನೋಡಿ. ತುದಿ ನೀಲಿಯಾಗಿದ್ದು 15 ಪಿನ್‌ಗಳಿದ್ದರೆ ಅದು ವಿಜಿಎ. ಕಾರ್ಡಿನಲ್ಲೂ ಮಾನಿಟರಿನಲ್ಲೂ ಡಿಜಿಟಲ್ ಕಿಂಡಿಯಿದ್ದರೆ ಇಂದೇ ಕೇಬಲ್ ಬದಲಿಸಿ.

ಎರಡನೆಯದಾಗಿ, ರೆಸಲ್ಯೂಷನ್, ಅಂದರೆ ಅಡ್ಡ ಮತ್ತು ಉದ್ದಕ್ಕಿರುವ ಚುಕ್ಕೆಗಳ ಸಂಖ್ಯೆ, ಮಾನಿಟರಿನ ಮೂಲ ಅಳತೆಗೆ ಸರಿಯಾಗಿರಲಿ. 1920×1080 ಪರದೆಗೆ 1366×768 ಕೊಟ್ಟರೆ ಯಾವ ಕಾರ್ಡೂ ಅಕ್ಷರವನ್ನು ಚೂಪಾಗಿಸಲಾರದು.

ಮೂರನೆಯ ಹಂತದಲ್ಲೇ ಹೆಚ್ಚಿನವರು ಎಡವುವುದು. ಎಚ್‌ಡಿಎಂಐ ಮೂಲಕ ಜೋಡಿಸಿದಾಗ ಕಾರ್ಡು ಕೆಲವೊಮ್ಮೆ ಮಾನಿಟರನ್ನು ಟಿವಿ ಎಂದು ಭಾವಿಸಿ, 0ಯಿಂದ 255ರವರೆಗಿನ ಛಾಯೆಗಳ ಬದಲು 16ರಿಂದ 235ರವರೆಗಿನದನ್ನಷ್ಟೇ ಕಳಿಸುತ್ತದೆ. ಆಗ ಕಪ್ಪು ಬೂದು ಬಣ್ಣವಾಗಿ, ಬಿಳುಪು ಮಂಕಾಗಿ ಕಾಣುತ್ತದೆ. ಎನ್‌ವಿಡಿಯಾ ಕಾರ್ಡಿದ್ದರೆ ಅದರ ಕಂಟ್ರೋಲ್ ಪ್ಯಾನೆಲ್ ತೆರೆದು, ರೆಸಲ್ಯೂಷನ್ ಬದಲಿಸುವ ಪುಟದ ಕೆಳಭಾಗದಲ್ಲಿ ಔಟ್‌ಪುಟ್ ಕಲರ್ ಫಾರ್ಮ್ಯಾಟ್ ‘ಆರ್‌ಜಿಬಿ’ ಎಂದೂ ಡೈನಮಿಕ್ ರೇಂಜ್ ‘ಫುಲ್’ ಎಂದೂ ಆರಿಸಿ. ಎಎಮ್‌ಡಿ ತಂತ್ರಾಂಶದಲ್ಲಿ ಇದೇ ಆಯ್ಕೆ ಪಿಕ್ಸೆಲ್ ಫಾರ್ಮ್ಯಾಟ್ ಎಂಬಲ್ಲಿದೆ. ಟಿವಿಯನ್ನೇ ಮಾನಿಟರಾಗಿ ಬಳಸುವವರು ಟಿವಿಯ ಕಡೆಯಲ್ಲೂ ಇದಕ್ಕೆ ಹೊಂದುವಂತೆ ಬದಲಿಸಬೇಕು. ಒಂದೇ ಕಡೆ ಬದಲಿಸಿದರೆ ಗಾಢ ಬಣ್ಣದ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ.

ಅದೇ ಕಲರ್ ಫಾರ್ಮ್ಯಾಟ್ 4:2:0 ಆಗಿದ್ದರೆ ನಾಲ್ಕು ಚುಕ್ಕೆಗಳು ಒಂದೇ ಬಣ್ಣದ ಮಾಹಿತಿಯನ್ನು ಹಂಚಿಕೊಳ್ಳುತ್ತವೆ. ಸಿನಿಮಾದಲ್ಲಿ ಇದು ಗೊತ್ತಾಗುವುದಿಲ್ಲ, ಬಣ್ಣದ ಅಕ್ಷರಗಳಲ್ಲಿ ಎದ್ದು ಕಾಣುತ್ತದೆ. ಪರೀಕ್ಷಿಸಲು ನೀಲಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ‘ಸ್ತ್ರೀ’, ‘ಕೃಷ್ಣ’ ಎಂದು ಸಣ್ಣದಾಗಿ ಬರೆದು ನೋಡಿ; ಒತ್ತಕ್ಷರಗಳು ಕಲಸಿಕೊಂಡಂತಿದ್ದರೆ ಫಾರ್ಮ್ಯಾಟನ್ನು ಆರ್‌ಜಿಬಿ ಅಥವಾ ಪ್ರತಿ ಚುಕ್ಕೆಗೂ ತನ್ನದೇ ಬಣ್ಣದ ಮಾಹಿತಿಯಿರುವ 4:4:4ಕ್ಕೆ ತನ್ನಿ. ಟಿವಿಯಲ್ಲಿ ಡೆಸ್ಕ್‌ಟಾಪಿನ ಅಂಚು ಕತ್ತರಿಸಿದಂತಿದ್ದರೆ ಚಿತ್ರ ಹಿಗ್ಗುತ್ತಿದೆಯೆಂದು ಅರ್ಥ. ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬ ಆಯ್ಕೆಯಿಂದ ಅದು ನಿಲ್ಲುತ್ತದೆ. ಅಕ್ಷರಗಳ ಸುತ್ತ ಬಿಳಿ ಅಂಚು ಕಂಡರೆ ಶಾರ್ಪ್‌ನೆಸ್ ಇಳಿಸಿ. ಬಣ್ಣಗಳನ್ನು ಅತಿಯಾಗಿ ಗಾಢಗೊಳಿಸುವ ‘ವಿವಿಡ್’ ಮೋಡನ್ನು ಓದುವ ಕೆಲಸಕ್ಕೆ ಎಂದೂ ಇಡಬೇಡಿ.

ಕೊನೆಗೆ ಅಕ್ಷರಗಳನ್ನು ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿಸುವ ವಿಂಡೋಸ್‌ನ ಕ್ಲಿಯರ್‌ಟೈಪ್ ಹೊಂದಾಣಿಕೆಯನ್ನು ಒಮ್ಮೆ ನಡೆಸಿ. ಎರಡು ನಿಮಿಷ ಸಾಕು.

ಇಷ್ಟಾದ ಮೇಲೂ ಕಾರ್ಡ್ ಬೇಕಾಗುವ ಸಂದರ್ಭಗಳಿವೆ. 4ಕೆ (3840×2160) ಪರದೆ ತಂದವರಿಗೆ ಎಚ್‌ಡಿಎಂಐ 1.4 ಇರುವ ಹಳೆಯ ಕಾರ್ಡು ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ಕೊಡುವುದರಿಂದ ಮೌಸ್ ಬಾಣ ತಡವರಿಸುತ್ತದೆ. 60 ಬೇಕಿದ್ದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಇಲ್ಲವೇ ಡಿಸ್‌ಪ್ಲೇಪೋರ್ಟ್ 1.2 ಇರುವ ಕಾರ್ಡ್ ಬೇಕು. ಎವಿ1 ಎಂಬ ವಿಧಾನದಲ್ಲಿ ಗಾತ್ರ ಕುಗ್ಗಿಸಿದ ವಿಡಿಯೊ ತಡೆತಡೆದು ಓಡುತ್ತಿದ್ದರೂ ಅದನ್ನು ತಾನೇ ಬಿಡಿಸಬಲ್ಲ ಕಾರ್ಡ್ ನೆರವಾಗುತ್ತದೆ. ಎನ್‌ವಿಡಿಯಾದಲ್ಲಿ ಆ ಸೌಲಭ್ಯ 2020ರ ಆರ್‌ಟಿಎಕ್ಸ್ 30 ಸರಣಿಯಿಂದ ಆರಂಭವಾಗಿದೆ. ಡಿಸ್‌ಪ್ಲೇಪೋರ್ಟನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಅಡಾಪ್ಟರ್ ಕೊಳ್ಳುವಾಗ ಬರೀ ‘4ಕೆ’ ಎಂಬ ಮುದ್ರೆ ನಂಬಬೇಡಿ. ‘4ಕೆ 60 ಹರ್ಟ್ಸ್’ (ಅಂದರೆ ಸೆಕೆಂಡಿಗೆ 60 ಚಿತ್ರ) ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.