ನೀರಿನ ಲಿಫ್ಟ್‌ನಲ್ಲಿ ಗುಳ್ಳೆ ಏಳದಿದ್ದರೆ

ಬ್ಲಾಕ್‌ ಜೋಡಿಸಿ ಕಟ್ಟುವ ಆಟ ಮೈನ್‌ಕ್ರಾಫ್ಟ್‌ನಲ್ಲಿ, ಗುಳ್ಳೆಗಳು ಆಟಗಾರನನ್ನು ಮೇಲಕ್ಕೆತ್ತುವ ಲಿಫ್ಟ್‌ಗೆಂದು 24 ಬ್ಲಾಕ್ ಎತ್ತರದ ಗಾಜಿನ ಕೊಳವೆ ಕಟ್ಟಿ, ತಳಕ್ಕೆ ಸೋಲ್ ಸ್ಯಾಂಡ್ (ನೀರಿನಲ್ಲಿ ಗುಳ್ಳೆ ಏಳಿಸುವ ಮರಳಿನ ಬ್ಲಾಕ್) ಇಟ್ಟು, ಮೇಲಿಂದ ಒಂದು ಬಕೆಟ್ ನೀರು ಸುರಿದೆ. ಗುಳ್ಳೆ ಏಳಲಿಲ್ಲ. ಒಳಗೆ ಹೋದರೆ ಕೆಳಕ್ಕೇ ಇಳಿಯುತ್ತಿದ್ದೆ. ಸೋಲ್ ಸ್ಯಾಂಡ್ ತೆಗೆದು ಮತ್ತೆ ಇಟ್ಟೆ, ಗಾಜಿನ ಬದಲು ಕಲ್ಲು ಹಾಕಿದೆ, ಸೋಲ್ ಸಾಯಿಲ್ ಇಟ್ಟೂ ನೋಡಿದೆ (ಹೆಸರು ಹತ್ತಿರವಿದ್ದರೂ ಅದರಿಂದ ಗುಳ್ಳೆ ಬರುವುದೇ ಇಲ್ಲ).

ತೊಂದರೆ ಇದ್ದದ್ದು ನೀರಿನಲ್ಲಿ. ಸುರಿದ ಜಾಗವಷ್ಟೇ ಮೂಲ ನೀರು (ಹರಿವು ಹುಟ್ಟುವ ಬ್ಲಾಕ್), ಕೆಳಗಿನದೆಲ್ಲ ಹರಿಯುವ ನೀರು. ಗುಳ್ಳೆ ಏಳಲು ಪ್ರತಿ ಬ್ಲಾಕೂ ಮೂಲ ನೀರಾಗಿರಬೇಕು.

ಮೊದಲು ತಳಕ್ಕೆ ಮಣ್ಣು ಹಾಕಿ. ಅದರ ಮೇಲೆ ಕೆಲ್ಪ್ (ನೀರೊಳಗೆ ಬೆಳೆಯುವ ಕಡಲ ಸಸ್ಯ) ಅನ್ನು ಒಂದರ ಮೇಲೊಂದು, ನೀರಿನ ತುದಿವರೆಗೂ ನೆಡಿ. ನೆಟ್ಟಲ್ಲೆಲ್ಲ ಮೂಲ ನೀರಾಗುತ್ತದೆ. ಒಂದು ಬ್ಲಾಕ್ ಬಿಟ್ಟರೂ ಗುಳ್ಳೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬುಡದ ಕೆಲ್ಪ್ ಮುರಿಯಿರಿ, ಮೇಲಿನದೆಲ್ಲ ತಾನೇ ಕಳಚುತ್ತದೆ. ಕೊನೆಗೆ ಮಣ್ಣು ಅಗೆದು ಅಲ್ಲಿಗೆ ಸೋಲ್ ಸ್ಯಾಂಡ್ ಇಡಿ.