ಎತ್ತುವ ಮೊದಲು ಕೀಲು ಎಣಿಸಿ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಯಿತೆಂದರೆ ನಮ್ಮ ಕೊಡಗಿನ ಹುಡುಗರಿಗೆ ಹಾಕಿ ಸ್ಟಿಕ್ ನೆನಪಾಗುತ್ತದೆ, ಅದರ ಹಿಂದೆಯೇ ಜಿಮ್ ಕೂಡ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಕ್ಕದ (ಮನೆತನದ) ಹೆಸರು ಹೊತ್ತು ಓಡಬೇಕಲ್ಲ! ಆದರೆ ಜಿಮ್‌ಗೆ ಬಂದವರಲ್ಲಿ ಎಷ್ಟೋ ಮಂದಿ ಕನ್ನಡಿ ಮುಂದೆ ಡಂಬೆಲ್ ಹಿಡಿದು ತೋಳು ಮಡಚುವುದರಲ್ಲೇ ಮುಕ್ಕಾಲು ಗಂಟೆ ಕಳೆಯುತ್ತಾರೆ. ತೋಳೇನೋ ಉಬ್ಬುತ್ತದೆ. ಓಡಲು, ಬಗ್ಗಿ ಚೆಂಡು ಹೊಡೆಯಲು ಬೇಕಾದ ಸೊಂಟ, ತೊಡೆ, ಬೆನ್ನು ಇದ್ದಂತೆಯೇ ಇರುತ್ತವೆ. ಯಾವ ವ್ಯಾಯಾಮ ಮೊದಲು, ಯಾವುದು ಆಮೇಲೆ ಎಂದು ಆರಿಸಲು ಮೂರು ಹೆಜ್ಜೆ ಇಲ್ಲಿವೆ.

ಮೊದಲ ಹೆಜ್ಜೆ: ಕೀಲು ಎಣಿಸಿ

ಭಾರವಿಲ್ಲದೆ, ನಿಧಾನವಾಗಿ ನಿಮ್ಮ ವ್ಯಾಯಾಮವನ್ನು ಒಮ್ಮೆ ಮಾಡಿ ನೋಡಿ. ಎಷ್ಟು ಕೀಲು ಮಡಚಿದವು? ಕುಕ್ಕರಗಾಲಿಗೆ ಇಳಿದು ಏಳುವ ಸ್ಕ್ವಾಟ್‌ನಲ್ಲಿ ಸೊಂಟ, ಮಂಡಿ, ಪಾದದ ಗಂಟು, ಮೂರೂ ಮಡಚುತ್ತವೆ. ಪುಷ್‌ಅಪ್‌ನಲ್ಲಿ ಭುಜ ಮತ್ತು ಮೊಣಕೈ. ಎರಡು ಅಥವಾ ಹೆಚ್ಚು ಕೀಲು ಕೆಲಸ ಮಾಡಿದರೆ ಅದು ಕಾಂಪೌಂಡ್. ತೋಳು ಮಡಚುವ ಬೈಸೆಪ್ಸ್ ಕರ್ಲ್‌ನಲ್ಲಿ ಮೊಣಕೈ ಮಾತ್ರ, ಕುಳಿತು ಕಾಲು ನೀಡುವ ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಮಂಡಿ ಮಾತ್ರ. ಇವು ಐಸೊಲೇಷನ್.

ಕಣದಲ್ಲಿ 50 ಕೆ.ಜಿ. ಕಾಫಿ ಮೂಟೆ ಎತ್ತುವ ಅನುಭವಿಗಳನ್ನು ಗಮನಿಸಿದ್ದೀರಾ? ಕಾಲು ಮೂಟೆಗೆ ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ಸೊಂಟ ಹಿಂದಕ್ಕೆ ಹೋಗುತ್ತದೆ, ಮಂಡಿ ಸ್ವಲ್ಪ ಮಡಚುತ್ತದೆ, ಬೆನ್ನು ಗೂನಾಗುವುದಿಲ್ಲ. ಗೋಣಿಯ ಮೂಲೆ ಬಿಗಿಯಾಗಿ ಹಿಡಿದು, ಒಮ್ಮೆ ಉಸಿರು ತುಂಬಿಕೊಂಡು, ಕಾಲಿನಿಂದ ನೆಲವನ್ನು ಒತ್ತುತ್ತಾರೆ. ಮೂಟೆ ತೊಡೆಗೆ ಉಜ್ಜಿಕೊಂಡೇ ಮೇಲೇರುತ್ತದೆ. ಜಿಮ್‌ನಲ್ಲಿ ಡೆಡ್‌ಲಿಫ್ಟ್ ಎನ್ನುವುದು ಇದನ್ನೇ. ದಿನನಿತ್ಯದ ಭಾರವನ್ನು ದೇಹ ಹೀಗೆ ಹಲವು ಕೀಲುಗಳಿಗೆ ಹಂಚಿಯೇ ಎತ್ತುತ್ತದೆ. ಅದಕ್ಕೇ ನನ್ನ ಮೊದಲ ಆಯ್ಕೆ ಯಾವತ್ತೂ ಕಾಂಪೌಂಡ್.

ಎರಡನೇ ಹೆಜ್ಜೆ: ಬುನಾದಿ ಹಾಕಿ

ಸ್ಕ್ವಾಟ್, ಡೆಡ್‌ಲಿಫ್ಟ್, ಪುಷ್‌ಅಪ್ ಅಥವಾ ಬೆಂಚ್ ಪ್ರೆಸ್ (ಮಲಗಿ ಭಾರವನ್ನು ಎದೆಯಿಂದ ಮೇಲೆ ಒತ್ತುವುದು), ರೋಯಿಂಗ್ (ಭಾರವನ್ನು ಹೊಟ್ಟೆಯತ್ತ ಎಳೆಯುವುದು), ಶೋಲ್ಡರ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ಒತ್ತುವುದು). ಇಷ್ಟಿದ್ದರೆ ಹೆಚ್ಚುಕಡಿಮೆ ಇಡೀ ಮೈಗೆ ಕೆಲಸ ಸಿಗುತ್ತದೆ. ದಣಿವಾಗುವ ಮೊದಲೇ ಇವನ್ನು ಮುಗಿಸಿ. 6ರಿಂದ 10 ಬಾರಿಯಂತೆ 3 ಸೆಟ್ (ಸುತ್ತು), ನಡುವೆ 2–3 ನಿಮಿಷ ವಿಶ್ರಾಂತಿ. ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು, ಆದರೆ ಭಂಗಿ ಕೆಡಬಾರದು. ಕೆಟ್ಟರೆ ಭಾರ ಇಳಿಸಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೋಟದ ಕೆಲಸವೂ ಇರುವವರು ಆ 2 ದಿನದಿಂದಲೇ ಶುರು ಮಾಡಬಹುದು.

ಮೂರನೇ ಹೆಜ್ಜೆ: ಬಿಟ್ಟುಹೋದದ್ದನ್ನು ಹುಡುಕಿ

ಇಲ್ಲಿ ನಾನೇ ಎಡವಿದ್ದೆ. ಎರಡು ವರ್ಷ ಕಾಲಿಗೆ ಸ್ಕ್ವಾಟ್ ಒಂದೇ ಸಾಕೆಂದು ನಂಬಿದ್ದೆ. ಒಂದು ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವಾಗ ಎಡತೊಡೆಯ ಹಿಂಭಾಗ ಚಟ್ ಎಂದಿತು. ಮತ್ತೆ ಓಡಲು ಆರು ವಾರ ಬೇಕಾಯಿತು. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಸೊಂಟ, ಮಂಡಿ ಎರಡನ್ನೂ ದಾಟಿ ಹೋಗುತ್ತದೆ. ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ ಅದು ಸೊಂಟದ ಬಳಿ ಹಿಗ್ಗಿದರೆ ಮಂಡಿಯ ಬಳಿ ಕುಗ್ಗುತ್ತದೆ. ಹಾಗಾಗಿ ಅದರ ಒಟ್ಟು ಉದ್ದ ಹೆಚ್ಚು ಬದಲಾಗುವುದಿಲ್ಲ, ಅದಕ್ಕೆ ಸಿಗುವ ಕೆಲಸವೂ ಅಷ್ಟಕ್ಕಷ್ಟೆ. ಈ ಕೊರತೆ ತುಂಬುವುದು ಮಂಡಿಯೊಂದೇ ಚಲಿಸುವ ಐಸೊಲೇಷನ್ ವ್ಯಾಯಾಮ: ಯಂತ್ರದಲ್ಲಿ ಹಿಮ್ಮಡಿಯನ್ನು ಹಿಂದಕ್ಕೆ ಮಡಚುವ ಲೆಗ್ ಕರ್ಲ್ ಅಥವಾ ನಾರ್ಡಿಕ್ ಕರ್ಲ್.

ನಾರ್ಡಿಕ್‌ಗೆ ಯಂತ್ರ ಬೇಡ. ಮಡಚಿದ ಕಂಬಳಿಯ ಮೇಲೆ ಮಂಡಿಯೂರಿ, ಹಿಂದೆ ಕುಳಿತವರು ನಿಮ್ಮ ಪಾದದ ಗಂಟನ್ನು ಗಟ್ಟಿಯಾಗಿ ಹಿಡಿಯಲಿ. ಮಂಡಿಯಿಂದ ತಲೆಯವರೆಗೆ ಮೈ ನೇರವಾಗಿಟ್ಟು, ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ತಡೆಯಲಾಗದಾಗ ಅಂಗೈ ಊರಿ. ಮೊದಲ ವಾರ 3–5 ಬಾರಿಯಂತೆ 2 ಸೆಟ್ ಸಾಕು. ಮರುದಿನ ತೊಡೆ ಚೆನ್ನಾಗಿಯೇ ನೋಯುತ್ತದೆ. ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನಗಳಲ್ಲಿ ಇದರಿಂದ ಹ್ಯಾಮ್‌ಸ್ಟ್ರಿಂಗ್ ಗಾಯ ಕಡಿಮೆಯಾದದ್ದು ಕಂಡುಬಂದಿದೆ.

ಮೀನಖಂಡ, ಭುಜದ ಪಕ್ಕದ ಸ್ನಾಯುಗಳಿಗೂ ಹೀಗೇ ಬಿಡಿಯಾಗಿ ಕೆಲಸ ಕೊಡಬಹುದು. 10–15 ಬಾರಿ, ಒಂದು ಒಂದೂವರೆ ನಿಮಿಷದ ವಿಶ್ರಾಂತಿ. ಗಾಯದಿಂದ ಚೇತರಿಸಿಕೊಳ್ಳುತ್ತಿದ್ದರೆ ಫಿಸಿಯೊಥೆರಪಿಸ್ಟ್ ಹೇಳಿದಂತೆಯೇ ನಡೆಯಿರಿ.

ನಾನೀಗ ಪಾಲಿಸುವ ಕ್ರಮ ಇದು: ಸೋಮವಾರ ಸ್ಕ್ವಾಟ್, ಪುಷ್‌ಅಪ್, ರೋಯಿಂಗ್, ಕೊನೆಗೆ ನಾರ್ಡಿಕ್. ಗುರುವಾರ ಡೆಡ್‌ಲಿಫ್ಟ್, ಶೋಲ್ಡರ್ ಪ್ರೆಸ್, ಪುಲ್‌ಅಪ್ (ಕಂಬಿಗೆ ಜೋತು ಮೈ ಮೇಲೆಳೆಯುವುದು), ಕೊನೆಗೆ ಮೀನಖಂಡ, ಸಮಯವಿದ್ದರೆ ತೋಳು. ಪಂದ್ಯಕ್ಕೆ ಎರಡು ಮೂರು ದಿನವಿರುವಾಗ ನಾರ್ಡಿಕ್ ಕೈಬಿಡುತ್ತೇನೆ, ನೋಯುವ ತೊಡೆಯಲ್ಲಿ ಮೈದಾನಕ್ಕೆ ಇಳಿಯಬಾರದೆಂದು.